ಫೋನಿನಲ್ಲಿ ಶ್ರುತಿ

ಹರಿಹರದ ಬಸ್ ನಿಲ್ದಾಣದಲ್ಲಿ ಇಳಿದಾಗ ಅಣ್ಣ ಚಹಾದಂಗಡಿಯ ಮುಂದೆ ಕಾಯುತ್ತಿದ್ದ. ನಾನು ಶಹನಾಯಿ ನುಡಿಸಿದ ಮದುವೆಯ ತಾಂಬೂಲವನ್ನು ಇಬ್ಬರೂ ಹೋಗಿ ಗುರುಗಳಿಗೆ ಒಪ್ಪಿಸುವುದು ನಮ್ಮ ರೂಢಿ. ಚಿಕ್ಕವರಿದ್ದಾಗ ಅವರೇ ನನಗೆ ಶಹನಾಯಿ, ಅಣ್ಣನಿಗೆ ಶ್ರುತಿಪೆಟ್ಟಿಗೆ ಕೊಟ್ಟು, ಯಾವಾಗಲೂ ಒಟ್ಟಿಗೇ ಕೂರಬೇಕು ಎಂದಿದ್ದರು.

ಇವತ್ತು ದಾವಣಗೆರೆಯ ಮದುವೆಯಲ್ಲಿ ನಾನೊಬ್ಬನೇ ಕೂತಿದ್ದೆ. ಶ್ರುತಿಯನ್ನು ಫೋನಿನಲ್ಲಿ ಹಾಕಿಕೊಂಡಿದ್ದೆ.

"ಹೆಂಗಾತಪ್ಪ? ಫೋನ್ ಯಾಕ ಎತ್ತಲಿಲ್ಲ?" ಅಣ್ಣ ಕೇಳಿದ.

"ನಿನ್ನ ಫೋನ್ ಬಂದಿದ್ದಕ್ಕ ನಡುವೆ ಶ್ರುತಿನೇ ನಿಂತೋತು. ನನ್ನ ಸ್ವರನೂ ಜಾರ್ತು."

ಅಣ್ಣ ನಕ್ಕ. "ಕರೀದಿದ್ರೂ ನಾನು ಬಂದು ಕೆಡಿಸಿದೆ ನೋಡು. ಒಬ್ರೇ ಸಾಕು ಅಂದ್ರಲ್ಲ ಆ ಬೀಗರು, ಅವ್ರಿಗೆ ಹೇಳು."

ನನಗೆ ತಡೆಯಲಾಗಲಿಲ್ಲ. "ಅವ್ರು ಅಂದಿಲ್ಲಣ್ಣ, ನಾನೇ ಅಂದಿದ್ದು. ನೀನು ತೂಕಡಿಸೋದು ವಿಡಿಯೋದಾಗ ಕಾಣ್ತೈತೆ ಅಂತ ನಾಚಿಕೆ ಆತು."

ಅವನ ನಗು ನಿಂತಿತು. ಎಷ್ಟೇ ತೂಕಡಿಸಿದರೂ ಶ್ರುತಿ ಒತ್ತುವ ಅವನ ಕೈ ಎಂದೂ ನಿಂತಿರಲಿಲ್ಲ. ಕೇಳುವವರನ್ನು ಬಿಟ್ಟು ನೋಡುವವರಿಗಾಗಿ ನುಡಿಸತೊಡಗಿದ್ದವನು ನಾನು.

ಅಣ್ಣ ಚಹಾದ ಲೋಟ ಕೆಳಗಿಟ್ಟ.

"ತಾಂಬೂಲ ಕೊಡುವಾಗ ಇದನ್ನ ಗುರುಗಳ ಮುಂದ ಹೇಳು," ಎಂದು ಅವರ ಮನೆಯ ಕಡೆ ನಡೆದ.