ಹೊತ್ತು ಮುಳುಗಿದ ಮೇಲೆ ಬಂದ ಅತಿಥಿಗಳು

ನೋಡಿ ಸ್ನೇಹಿತರೇ, ಬಸ್ತಿಹಳ್ಳಿಯಲ್ಲಿ ಉಳಿದಿರುವ ನಮ್ಮ ಕೆಲವೇ ಜೈನ ಮನೆಗಳ ಏಳಿಗೆಯಾಗಲೆಂದು ಪ್ರವಾಸಿಗರಿಗೆ ‘ಜೈನರ ಮನೆ ಊಟ’ ಎಂಬ ಯೋಜನೆ ಶುರುವಾಗಿದೆ. ಇವತ್ತು ಸಂಜೆ ಐದಕ್ಕೆ ಬರಬೇಕಿದ್ದ ಅತಿಥಿಗಳನ್ನು ಗೈಡ್ ಬೇಲೂರೆಲ್ಲ ಸುತ್ತಿಸಿ ಕರೆತಂದಾಗ ಕತ್ತಲಾಗಿತ್ತು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ, ಬಡಿಸುವುದೂ ಇಲ್ಲ.

“ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮ. ಇವ್ರು ನಿಮ್ಮ ಸಂಪ್ರದಾಯ ನೋಡೋಕೇ ಬಂದಿರೋದು,” ಎಂದ ಗೈಡ್.

“ನೋಡ್ತಾವ್ರಲ್ಲಪ್ಪ, ಇದೇ ಸಂಪ್ರದಾಯ,” ಎಂದರು ನಮ್ಮತ್ತೆ.

“ಹಂಗಾದ್ರೆ ಖಾಲಿ ತಟ್ಟೆ ಇಟ್ಕೊಂಡು ಊಟ ಮಾಡೋ ಥರ ಕೂತ್ಕೊಳ್ಳಿ, ಒಂದು ಫೋಟೋ ತಕ್ಕೊಂಡು ಹೋಗ್ತಾರೆ.”

ಮಧ್ಯಾಹ್ನದಿಂದ ಒಲೆ ಮುಂದಿದ್ದ ಅತ್ತೆ ಒಳಗೆ ಹೋದರು.

ನಮ್ಮನ್ನು ಉದ್ಧಾರ ಮಾಡುವವರಲ್ಲಿ ಒಂದೇ ವಿನಂತಿ. ದಯವಿಟ್ಟು ಬೆಳಕಿರುವಾಗಲೇ ಬಂದು ಮಾಡಿ.