ಗಂಜಿ ಪುಡಿ

ನಮ್ಮ ಓಣಿಯ ಇಸ್ತ್ರಿ ಅಜ್ಜಿಗೆ ಹಾಲು ಬಂದರೆ ನೀರು ಬೆರೆಸಿದ ಸಂಶಯ, ನೀರು ಬಂದರೆ ನಲ್ಲಿಯ ಮೇಲೆ ಸಂಶಯ. ನಾನು ಎದುರುಮನೆಯ ದರ್ಜಿ. ಇಷ್ಟು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಹೊಸ್ತಿಲು ದಾಟಲು ಬಿಟ್ಟವಳಲ್ಲ. ಬಟ್ಟೆ ಗಂಟು ತಂದರೆ "ಅಲ್ಲೇ ಇಡು" ಅನ್ನುತ್ತಾಳೆ, ಅವಳ ಇಸ್ತ್ರಿಪೆಟ್ಟಿಗೆಯನ್ನು ನಾನು ಸೆರಗಲ್ಲಿ ಮುಚ್ಚಿಕೊಂಡು ಓಡುವವಳ ಹಾಗೆ.

ಅವಳಿಗೊಬ್ಬಳು ಪುಟ್ಟ ಮೊಮ್ಮಗಳು. ಹುಟ್ಟಿನಿಂದಲೇ ಬಂದ ಅಪರೂಪದ ಕಾಯಿಲೆ. ತುಸು ಹೊತ್ತು ಹೊಟ್ಟೆ ಖಾಲಿಯಾದರೂ ರಕ್ತದ ಸಕ್ಕರೆ ಕುಸಿದು ಜೀವಕ್ಕೇ ಕುತ್ತು. ದೊಡ್ಡಾಸ್ಪತ್ರೆ ದೂರ. ಅದಕ್ಕೇ ಬಡಾವಣೆಯ ಕ್ಲಿನಿಕ್‌ನಿಂದ ನರ್ಸಮ್ಮ ಮನೆಗೇ ಬಂದು, ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡುತ್ತಾರೆ. ಬಿಳಿ ಪುಡಿಯ ಪೊಟ್ಟಣ ಕೊಟ್ಟು, "ತಣ್ಣೀರಲ್ಲಿ ಕಲಸಿ ಹೊತ್ತುಹೊತ್ತಿಗೆ ಕುಡಿಸಿ, ಬಿಸಿ ಮಾತ್ರ ಮಾಡ್ಬೇಡಿ" ಅನ್ನುತ್ತಾರೆ.

ಅಜ್ಜಿ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಜೀವಮಾನವೆಲ್ಲ ಅಂಗಿಗಳಿಗೆ ಗಂಜಿ ಹಾಕಿದ ಕೈ ಅದು.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ," ಎಂದಳು ಕಿಟಕಿಯಿಂದ. "ಕಾಲರಿಗೆ ಹಾಕೋ ಗಂಜಿ ಪುಡೀನ ಮಗೂಗೆ ಔಷಧಿ ಅಂತ ಕೊಡ್ತಿದಾಳೆ. ಬಿಸಿ ಮಾಡ್ಬೇಡಿ ಅಂತಾಳಲ್ಲ, ಯಾಕೆ ಹೇಳು? ಕಾಸಿದ್ರೆ ಗುಟ್ಟು ರಟ್ಟಾಗುತ್ತೆ!"

"ಡಾಕ್ಟ್ರಿಗಿಂತ ನೀನು ಹೆಚ್ಚಾ ಅಜ್ಜೀ?" ಅಂದೆ. ಕಿಟಕಿ ದಢಾರನೆ ಮುಚ್ಚಿತು.

ಮಗುವಿನ ತಾಯಿ, ಅಜ್ಜಿಯ ಮಗಳು, ಕಾರ್ಖಾನೆಗೆ ಹೋದದ್ದೇ ತಡ, ಪುಡಿ ಒಲೆ ಏರಿತು. ಅಂಟಂಟಾಗಿ, ಥೇಟ್ ಗಂಜಿಯಂತೆ ಗಟ್ಟಿಯಾಯಿತು. ಸಂಶಯ ನಿಜವಾಯಿತು, ಆದರೆ ಮಗುವಿಗೆ ಹಸಿವು. ಹಸಿ ಹಿಟ್ಟಿಗಿಂತ ಬೆಂದದ್ದೇ ವಾಸಿ ಎಂದು ನೀರು ಬೆರೆಸಿ ಕುಡಿಸಿ ಮಲಗಿಸಿದಳು.

ಮಧ್ಯಾಹ್ನ ಅವಳ ಕೂಗು ಕೇಳಿ ಓಡಿದೆ. ಹೊಸ್ತಿಲಲ್ಲಿ ಯಾರೂ ತಡೆಯಲಿಲ್ಲ. ಮಡಿಸಿಟ್ಟ ಅಂಗಿಗಳ ಪಕ್ಕದಲ್ಲಿ ಮಗು ಬೆವೆತು ತಣ್ಣಗಾಗಿತ್ತು, ಎಷ್ಟು ಕರೆದರೂ ಓಗೊಡಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಹೋಗಿ ನರ್ಸಮ್ಮನನ್ನು ಕರೆತಂದೆ. ಅವರು ನರಕ್ಕೆ ಸೂಜಿ ಹಾಕಿ ಗ್ಲೂಕೋಸ್ ಕೊಟ್ಟರು. ಮಗು ಕಣ್ಣು ಬಿಟ್ಟಾಗ ನನಗೆ ಅಳು ಬಂತು.

ಒಲೆಯ ಮೇಲಿನ ಪಾತ್ರೆ ನರ್ಸಮ್ಮನ ಕಣ್ಣಿಗೆ ಬಿತ್ತು. "ಕಾಸಿದ್ರಾ ಅಜ್ಜಿ?"

"ಹಸಿ ಗಂಜೀನ ಅಂಗಿಗೇ ಹಾಕಲ್ಲ ನಾನು. ಮಗೂಗೆ ಹೇಗೆ ಹಾಕ್ಲಿ?"

"ನೀವು ಕಂಡುಹಿಡಿದದ್ದು ಸರಿ, ಇದೂ ಗಂಜಿ ಪುಡಿ ಜಾತಿಯದೇ ಹಿಟ್ಟು. ಹಸಿಯಾಗಿದ್ರೆ ಹೊಟ್ಟೇಲಿ ನಿಧಾನಕ್ಕೆ ಕರಗಿ ಸಕ್ಕರೆ ಕೊಡ್ತಾನೇ ಇರುತ್ತೆ. ಬೆಂದ್ರೆ ಬೇಗ ಮುಗಿದುಹೋಗುತ್ತೆ. ನಾನೇ ಬಿಡಿಸಿ ಹೇಳ್ಬೇಕಿತ್ತು."

ಅಜ್ಜಿ ಎದ್ದು ಆ ಪಾತ್ರೆಯನ್ನು ಬಚ್ಚಲಿಗೆ ಸುರಿದಳು.

ಮರುದಿನ ಬಾಗಿಲಲ್ಲಿ ನಿಂತು ನನ್ನನ್ನೇ ಕರೆದಳು. "ಬಾರೇ ಒಳಗೆ. ಈ ಲೋಟ ಮುಟ್ಟಿ ನೋಡು, ತಣ್ಣಗಿದೆಯಾ?"

"ನೀನೇ ಕಲಸಿದ್ದಲ್ವಾ?"

ಸುಟ್ಟು ಸುಟ್ಟು ತೊಗಲು ದಪ್ಪಗಟ್ಟಿದ ಅಂಗೈ ತೋರಿಸಿದಳು. "ಇಸ್ತ್ರಿ ಹಿಡಿದು ಹಿಡಿದು ಇದಕ್ಕೆ ಬಿಸಿ ಗೊತ್ತಾಗಲ್ಲ ಕಣೇ. ಈ ಕೈನ ನಾನು ನಂಬಲ್ಲ."

ಮುಟ್ಟಿದೆ. "ತಣ್ಣಗಿದೆ, ಕುಡಿಸು" ಅಂದೆ.

ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. "ಇನ್ನೊಂದು ಸಲ ಮುಟ್ಟು" ಅಂದಳು.