ವಯಸ್ಸಿನ ನಂತರದ ಪ್ರಶ್ನೆ

ಪುಣೆ ಹತ್ತಿರದ ಚಾಕಣದ ರಸ್ತೆಯಲ್ಲಿ ಸ್ಕೂಟರ್ ಅಪಘಾತವಾಗಿ ನನ್ನ ಗಂಡ ತೀರಿಕೊಂಡಾಗ ನನಗೆ ಇಪ್ಪತ್ತಾರು ವರ್ಷ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪುಣೆಯ ಎರಡು ಕೋಣೆಯ ಮನೆಯಲ್ಲಿ ನಾನು, ಅತ್ತೆ ಇಬ್ಬರೇ ಉಳಿದೆವು. ಅತ್ತೆ ಮದುವೆಯಾಗಿ ವಿಜಾಪುರದ ಕಡೆಯಿಂದ ಬಂದವರು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಮಗನನ್ನು ಬೆಳೆಸಿದ್ದರು.

ಆಮೇಲಿನ ಐದು ತಿಂಗಳು ನಾನೇನು ಮಾಡಿದೆ ಎಂದರೆ ಹೇಳಲು ಬರುವುದಿಲ್ಲ. ಅಡುಗೆ ಮಾಡಿದೆ, ಬಟ್ಟೆ ಒಗೆದೆ. ಅಳಲಿಲ್ಲ. ಬಂದುಹೋಗುವವರಿಗೆ ಅದು ಸರಿಬರಲಿಲ್ಲ. ಅತ್ತೆ ಮಾತ್ರ ಒಂದು ಬೆಳಿಗ್ಗೆ ಪಕ್ಕದ ಓಣಿಯ ಕಂಪ್ಯೂಟರ್ ಕ್ಲಾಸಿನ ಅರ್ಜಿ ತಂದು ನನ್ನ ಮುಂದಿಟ್ಟರು.

"ಬಿ.ಎಸ್ಸಿ. ಮಾಡೀದಿ. ಹೋಗಿ ಕಲಿ. ಇಬ್ರೂ ಗ್ವಾಡಿ ನೋಡ್ಕೋತ ಕುಂತು ಏನ್ ಮಾಡೂದದ?"

ಹೋಗಬೇಕು ಅನಿಸಲಿಲ್ಲ, ಬೇಡ ಅಂತಲೂ ಅನಿಸಲಿಲ್ಲ. ಹೋದೆ.

ಅಲ್ಲಿ ಪ್ರೋಗ್ರಾಂ ಬರೆಯುವ ಸಿ ಭಾಷೆ ಕಲಿಸುತ್ತಿದ್ದವರು ನನಗಿಂತ ತುಸು ದೊಡ್ಡವರಾದ ಒಬ್ಬ ಮರಾಠಿ ಮೇಡಂ. ಮೂರನೆಯ ವಾರ ಒಂದು ಅಭ್ಯಾಸ ಕೊಟ್ಟರು. ಪ್ರೋಗ್ರಾಂ ಮೊದಲು ವಯಸ್ಸು ಕೇಳಬೇಕು. ಆಮೇಲೆ ಮದುವೆಯ ವಿವರವನ್ನು ಒಂದೇ ಅಕ್ಷರದಲ್ಲಿ ಕೇಳಬೇಕು: ಮದುವೆ ಆಗದಿದ್ದರೆ ಎಸ್, ಆಗಿದ್ದರೆ ಎಂ, ವಿಧವೆಯಾದರೆ ಡಬ್ಲ್ಯೂ. ಕೊನೆಗೆ ಎರಡನ್ನೂ ತೆರೆಯ ಮೇಲೆ ತೋರಿಸಬೇಕು.

ಬರೆದೆ, ಓಡಿಸಿದೆ. ಇಪ್ಪತ್ತಾರು ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಎರಡನೆಯ ಪ್ರಶ್ನೆ ಕಾಣಿಸಿತು, ಆದರೆ ನಾನು ಕೀಲಿ ಮುಟ್ಟುವ ಮೊದಲೇ ಪ್ರೋಗ್ರಾಂ ಮುಗಿದುಹೋಯಿತು. ಅಕ್ಷರ ಬರಬೇಕಾದಲ್ಲಿ ಖಾಲಿ. ನಾಲ್ಕು ದಿನ ಸಾಲುಸಾಲು ತಿರುವಿ ನೋಡಿದೆ, ತಪ್ಪು ಸಿಗಲಿಲ್ಲ. ಉಳಿದವರು ಮುಂದಿನ ಪಾಠಕ್ಕೆ ಹೋದರು. ಸುಳ್ಳು ಯಾಕೆ ಹೇಳಲಿ, ನನಗೇನೂ ಅವಸರವಿರಲಿಲ್ಲ. ವಯಸ್ಸು ಹೇಳಿದರೆ ಸಾಕು, ಮುಂದಿನದಕ್ಕೆ ಯಂತ್ರ ನನ್ನ ಉತ್ತರ ಕಾಯುತ್ತಲೇ ಇರಲಿಲ್ಲ.

ಐದನೆಯ ದಿನ ಮೇಡಂ ಪಕ್ಕದಲ್ಲಿ ಕುಳಿತರು. ಅಂಕಿ ಓದುವ ಆಜ್ಞೆ ಅಂಕಿಯನ್ನಷ್ಟೇ ತೆಗೆದುಕೊಳ್ಳುತ್ತದೆ, ನೀವು ಒತ್ತಿದ ಎಂಟರ್ ಹಿಂದೆಯೇ ಉಳಿದುಬಿಡುತ್ತದೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಯಂತ್ರಕ್ಕೆ ಎಂಟರ್ ಕೂಡ ಒಂದು ಅಕ್ಷರವೇ. ಮುಂದಿನ ಆಜ್ಞೆಗೆ ಬೇಕಾದದ್ದು ಒಂದು ಅಕ್ಷರ. ಅದು ಅಲ್ಲೇ ಬಿದ್ದಿದೆ, ಎತ್ತಿಕೊಂಡು ಹೋಗುತ್ತದೆ. ಎರಡೂ ಉತ್ತರಗಳು ಅಂಕಿಯೇ ಆಗಿದ್ದರೆ ಈ ತೊಂದರೆ ಬರುವುದಿಲ್ಲ, ಯಾಕೆಂದರೆ ಅಂಕಿಯ ಆಜ್ಞೆ ಖಾಲಿ ಜಾಗಗಳನ್ನು ತಾನೇ ದಾಟಿಕೊಳ್ಳುತ್ತದೆ. ಇಷ್ಟು ಹೇಳಿ, ಎರಡನೆಯ ಸ್ಕ್ಯಾನ್‌ಎಫ್‌ನಲ್ಲಿ, ಅಂದರೆ ಅಕ್ಷರ ಓದುವ ಆಜ್ಞೆಯಲ್ಲಿ, ಪರ್ಸೆಂಟ್ ಗುರುತಿಗೆ ಮೊದಲು ಒಂದು ಸ್ಪೇಸ್ ಹಾಕಿಸಿದರು. ಉಳಿದ ಸ್ಪೇಸು, ಎಂಟರುಗಳನ್ನು ದಾಟಿ ಆಮೇಲೆ ಓದು ಎಂದು ಅದರ ಅರ್ಥವಂತೆ.

ಮತ್ತೆ ಓಡಿಸಿದೆ. ಈ ಸಲ ಪ್ರೋಗ್ರಾಂ ಪ್ರಶ್ನೆ ಕೇಳಿ ನಿಂತಿತು. ಮೇಡಂಗೆ ನನ್ನ ವಿಷಯ ಗೊತ್ತಿರಲಿಲ್ಲ. ಅವರೂ ತೆರೆ ನೋಡುತ್ತ ಕಾದರು. ನಾನು ಡಬ್ಲ್ಯೂ ಒತ್ತಿದೆ. ಇಪ್ಪತ್ತಾರು, ಡಬ್ಲ್ಯೂ ಎಂದು ಮೂಡಿತು. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಬರೋಬರ್, ಸರಿಯಾಗಿದೆ, ಅಂದು ಎದ್ದು ಹೋದರು. ನನಗೆ ಏನೂ ಅನಿಸಲಿಲ್ಲ. ನೋಟ್‌ಬುಕ್ಕಿನಲ್ಲಿ ಸ್ಪೇಸ್ ಹಾಕಿದ ಆ ಸಾಲು ಬರೆದುಕೊಂಡೆ.

ಸಂಜೆ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತ, ಇವತ್ತು ಏನು ಕಲಿತೆ ಎಂದು ಕೇಳಿದರು. ಎಲ್ಲ ಹೇಳಿದೆ, ಆ ಅಕ್ಷರವನ್ನೂ ಹೇಳಿದೆ. ಅವರ ಕೈ ನಿಂತಿತು.

"ನಂದೂ ಅದ ಅಕ್ಷರ ಏನು?"

"ಹೌದ್ರಿ, ಅತ್ತಿ."

"ಇಬ್ರಿಗೂ ಒಂದ."

ಅತ್ತೆ ಸೊಪ್ಪಿನ ಅರ್ಧ ಕಟ್ಟು ನನ್ನ ಕಡೆ ಸರಿಸಿದರು. ತಮ್ಮ ಗಂಡ ಸತ್ತಾಗ ವರ್ಷದವರೆಗೆ ಬಾಯಿಗೆ ರುಚಿಯೇ ಗೊತ್ತಾಗುತ್ತಿರಲಿಲ್ಲ, ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಮಗನನ್ನು ಕೇಳುತ್ತಿದ್ದರಂತೆ. ಅಲ್ಲಿಯವರೆಗೆ ನಮ್ಮ ನಡುವೆ ಆ ಮಾತು ಬಂದಿರಲಿಲ್ಲ.

ಕೋರ್ಸ್ ಮುಗಿದ ಮೇಲೆ ಮೇಡಂ ನನ್ನನ್ನು ಬೆಳಗಿನ ಬ್ಯಾಚಿಗೆ ಕಲಿಸಲು ಇಟ್ಟುಕೊಂಡರು. ಎರಡು ಸಾವಿರದ ಆರರವರೆಗೂ ಕಲಿಸಿದೆ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಪ್ರೋಗ್ರಾಂ ಎರಡನೆಯ ಪ್ರಶ್ನೆಗೆ ನಿಲ್ಲುತ್ತಿಲ್ಲ ಎಂದು ಕರೆಯುತ್ತಿದ್ದರು. ನಾನು ಹೋಗಿ ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂಡುತ್ತಿದ್ದೆ.